ಅಳಿದುಹೋದ ಪತ್ರಿಕೆಯ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನನ್ನು ನನಗೆ ಪರಿಚಯಿಸಿದ ಆ ಅಂತರ್ಜಾಲ ಸಾಹಿತ್ಯ ಪತ್ರಿಕೆ ಈಗ ಪೂರ್ತಿಯಾಗಿ ಅಳಿದುಹೋಗಿದೆ. ಅದರ ವಿಳಾಸಕ್ಕೆ ಹೋದರೆ ಬೇರೆ ಯಾವುದೋ ದೇಶದ ಯಾವುದೋ ವ್ಯಾಪಾರದ ಪುಟ ತೆರೆದುಕೊಳ್ಳುತ್ತದೆ. ಹೊಸ ಸಂಚಿಕೆ ಬರುವುದು ನಿಂತು ಬಹಳ ವರ್ಷಗಳಾಗಿದ್ದವು ಎಂಬುದು ನಿನಗೂ ಗೊತ್ತು. ಆ ನಿಲುಗಡೆಗೆ ನಾವಿಬ್ಬರೂ ಮನಸ್ಸನ್ನು ಒಗ್ಗಿಸಿಕೊಂಡಿದ್ದೆವು. ಆದರೆ ಹಳೆಯ ಸಂಚಿಕೆಗಳಾದರೂ ಅಲ್ಲೇ ಇರುತ್ತವೆ, ಬೇಕೆನಿಸಿದಾಗ ಹೋಗಿ ಓದಬಹುದು ಎಂಬ ನಂಬಿಕೆ ನನ್ನಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅವು ಇಲ್ಲ ಎಂದು ತಿಳಿದ ಮೇಲೂ ಕೆಲವು ದಿನ ಅದನ್ನು ಒಪ್ಪಿಕೊಳ್ಳಲು ಸಾಧ್ಯವಾಗಲಿಲ್ಲ. ಈ ಪತ್ರವನ್ನು ನಿನಗೆ ಬರೆಯುತ್ತಿದ್ದರೂ ಎಲ್ಲರೂ ಓದುವಂತೆ ಪ್ರಕಟಿಸುತ್ತಿರುವುದು ಏಕೆಂದರೆ ಆ ಪತ್ರಿಕೆಯ ಓದುಗರು ಇನ್ನೂ ಎಲ್ಲೆಲ್ಲೋ ಇದ್ದಾರೆ, ಅವರ ನೆರವು ನಮಗೆ ಬೇಕು.

ಪತ್ರಿಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿದವರಿಗೆ ಹೆಸರು ಹೇಳಬೇಕಾದ ಅಗತ್ಯವಿಲ್ಲ. ಓದದವರ ಕಣ್ಣಿಗೆ, ಕೈಯಿಂದ ಹಣ ಹಾಕಿ, ನೌಕರಿ ಮುಗಿಸಿ ಬಂದು ರಾತ್ರಿ ಕುಳಿತು, ಯಾವ ಪ್ರತಿಫಲವೂ ಇಲ್ಲದೆ ಅದನ್ನು ನಡೆಸಿದವರು ಅಪರಾಧಿಗಳಂತೆ ಕಾಣಬಾರದು. ಅವರು ಮಾಡಬಹುದಾದದ್ದಕ್ಕಿಂತ ಹೆಚ್ಚನ್ನೇ ಮಾಡಿದರು.

ಅದು ಯಾವ ಕಾಲ ಎಂಬುದನ್ನು ಈಗಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, ಅಂದರೆ 1996ರಲ್ಲಿ, ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಆರಂಭಿಸಿದರು. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ಅದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಸ್ವಂತ ಊರನ್ನು ಬಿಟ್ಟು ಕಂಪ್ಯೂಟರಿನ ಕೆಲಸಕ್ಕೆಂದು ಬೆಂಗಳೂರಿಗೋ ಕಡಲಾಚೆಗೋ ಹೋದ ಒಂದು ತಲೆಮಾರು, ಕೈಬರಹದ ಅಭ್ಯಾಸ ತಪ್ಪುತ್ತಿದ್ದ ಹೊತ್ತಿನಲ್ಲೇ, ಕೀಲಿಮಣೆಯ ಮೇಲೆ ಕನ್ನಡವನ್ನು ಮತ್ತೆ ಬರೆಯಲು ಶುರುಮಾಡಿತು. ಆಗ ಪರದೇಶದಲ್ಲಿದ್ದ ನಿನಗೆ ಒಂದು ಹೊಸ ಕಥಾಸಂಕಲನ ಕೈಸೇರಬೇಕಾದರೆ ಯಾರಾದರೂ ಊರಿನಿಂದ ಬರುವವರೆಗೆ ಕಾಯಬೇಕಿತ್ತು. ನಾನು ಧಾರವಾಡದಲ್ಲಿದ್ದೆ, ನನಗೆ ಪುಸ್ತಕಗಳು ಸಿಗುತ್ತಿದ್ದವು, ಆದರೆ ಅವುಗಳ ಬಗ್ಗೆ ಸಮವಯಸ್ಕರೊಡನೆ ಜಗಳವಾಡುವ ಜಾಗ ಇರಲಿಲ್ಲ. ನಮ್ಮಿಬ್ಬರ ಕೊರತೆಯನ್ನೂ ಆ ಪತ್ರಿಕೆ ತುಂಬಿತು.

ಅದರ ಸಂಪಾದಕರಿಗೆ ಉದ್ದದ ಬರಹಗಳ ಬಗ್ಗೆ ಹೆದರಿಕೆ ಇರಲಿಲ್ಲ. ತೆರೆಯ ಮೇಲೆ ಓದುವವರಿಗೆ ತಾಳ್ಮೆ ಇರುವುದಿಲ್ಲ ಎಂದು ಆಗಲೂ ಎಲ್ಲರೂ ಹೇಳುತ್ತಿದ್ದರು. ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅವರು ಒಂದೊಂದು ಕಾದಂಬರಿಯ ಮೇಲೂ ಹತ್ತಾರು ಪುಟಗಳ ವಿಮರ್ಶೆಗಳನ್ನು ಪ್ರಕಟಿಸಿದರು, ಹಿರಿಯ ಲೇಖಕರ ದೀರ್ಘ ಸಂದರ್ಶನಗಳನ್ನು ಎಲ್ಲೂ ಕತ್ತರಿಸದೆ ಹಾಕಿದರು, ಅಂಗಡಿಗಳಲ್ಲಿ ಸಿಗದಿದ್ದ ಹಳೆಯ ಕಥೆಗಳನ್ನು ಹಕ್ಕುದಾರರ ಅನುಮತಿ ಪಡೆದು, ಸ್ವಯಂಸೇವಕರಿಂದ ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿಸಿ ಓದುಗರ ಮುಂದಿಟ್ಟರು. ಹೊಸಬರ ಬರಹವನ್ನು ತಿರಸ್ಕರಿಸುವಾಗಲೂ ಕಾರಣ ಬರೆಯುತ್ತಿದ್ದರು. ನನ್ನ ಮೊದಲ ಕಥೆಗೆ ಬಂದ ಉತ್ತರದಲ್ಲಿ, ಕೊನೆಯ ಎರಡು ಪುಟಗಳು ಕಥೆಗಾರನ ಭಯದಿಂದ ಹುಟ್ಟಿದವು, ಅವನ್ನು ಬಿಟ್ಟರೆ ಕಥೆ ಇದೆ ಎಂಬ ಅರ್ಥದ ಮಾತಿತ್ತು. ಇಂದಿಗೂ ಕಥೆಯೊಂದನ್ನು ಮುಗಿಸಿದಾಗ ನಾನು ಕೊನೆಯ ಎರಡು ಪುಟಗಳನ್ನು ಅದೇ ಸಂಶಯದಿಂದ ಓದುತ್ತೇನೆ.

ಕಳೆದುಹೋದದ್ದು ಏನು ಎಂದು ಕೇಳುವವರಿಗೆ ಸುಲಭವಾದ ಒಂದು ಸಮಾಧಾನ ಸಿದ್ಧವಾಗಿರುತ್ತದೆ: ಒಳ್ಳೆಯ ಬರಹಗಳೆಲ್ಲ ಮುಂದೆ ಪುಸ್ತಕಗಳಾಗಿ ಬಂದಿವೆಯಲ್ಲ, ಉಳಿದವು ಹೋದರೆ ಹೋಗಲಿ. ನನಗೆ ಇದು ಒಪ್ಪಿಗೆಯಿಲ್ಲ, ಮತ್ತು ಈ ಪತ್ರದಲ್ಲಿ ನಾನು ಹೇಳಬೇಕಾದದ್ದರ ಬಹುಭಾಗ ಇಲ್ಲೇ ಇದೆ. ಪುಸ್ತಕಕ್ಕೆ ಬರಹ ಒಂಟಿಯಾಗಿ ಹೋಗುತ್ತದೆ. ಪತ್ರಿಕೆಯಲ್ಲಿ ಅದಕ್ಕೆ ನೆರೆಹೊರೆ ಇರುತ್ತದೆ. ನವ್ಯದ ದೊಡ್ಡ ಕವಿಯೊಬ್ಬರ ಒಂದೇ ಕವಿತೆಯನ್ನು ಕುರಿತು ಸಂಚಿಕೆಯಿಂದ ಸಂಚಿಕೆಗೆ ನಡೆದ ಆ ವಾಗ್ವಾದವನ್ನು ನೆನಪಿಸಿಕೋ. ಮೊದಲ ಲೇಖನ ಬರೆದವರು ವಿಶ್ವವಿದ್ಯಾಲಯದ ಅಧ್ಯಾಪಕರು. ಅವರಿಗೆ ಉತ್ತರ ಬರೆದದ್ದು, ಸಾಹಿತ್ಯವನ್ನು ಯಾವ ತರಗತಿಯಲ್ಲೂ ಓದದ, ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಓದುಗರು. ಛಂದಸ್ಸಿನ ಲೆಕ್ಕವನ್ನು ಸಾಲುಸಾಲಾಗಿ ಬಿಡಿಸಿ, ಲಯ ಮುರಿಯುವ ಜಾಗದಲ್ಲೇ ಅರ್ಥವೂ ಹೊರಳುತ್ತದೆ ಎಂದು ಅವರು ತೋರಿಸಿಕೊಟ್ಟ ಮೇಲೆ ಅಧ್ಯಾಪಕರು ತಮ್ಮ ನಿಲುವನ್ನು ಬದಲಿಸಿ ಮೂರನೆಯ ಲೇಖನ ಬರೆದರು. ಅಧ್ಯಾಪಕರ ಪುಸ್ತಕ ನನ್ನ ಬಳಿ ಇದೆ. ಅದರಲ್ಲಿರುವುದು ತಿದ್ದಿದ, ಹದಗೊಂಡ, ಒಂದೇ ದನಿಯ ಪ್ರಬಂಧ. ಅಭಿಪ್ರಾಯವೊಂದು ಎದುರಾಳಿಯ ಮಾತಿಗೆ ಸಿಕ್ಕಿ ಬದಲಾಗುವುದನ್ನು ನಾವು ಕಣ್ಣಾರೆ ಕಂಡೆವಲ್ಲ, ಅದು ಆ ಪುಸ್ತಕದಲ್ಲಿ ಇಲ್ಲ. ಎಂಜಿನಿಯರರ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಕನ್ನಡ ವಿಮರ್ಶೆಯ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಆ ಉತ್ತರವನ್ನು ಓದದೆ ಆ ಪ್ರಬಂಧದ ಹುಟ್ಟು ಅರ್ಥವಾಗುವುದಿಲ್ಲ.

ಇನ್ನೂ ಒಬ್ಬರನ್ನು ನೆನಪಿಸಬೇಕು. ಕಾವ್ಯನಾಮವೊಂದನ್ನು ಇಟ್ಟುಕೊಂಡು ಅಡುಗೆಮನೆಯ ಕವಿತೆಗಳನ್ನು ಬರೆಯುತ್ತಿದ್ದ ಆ ಹೆಣ್ಣುಮಗಳು ಬೇರೆಲ್ಲೂ ಬರೆದಂತೆ ಕಾಣಲಿಲ್ಲ, ಸಂಕಲನ ತಂದಂತೆಯೂ ತಿಳಿಯಲಿಲ್ಲ. ಅವರ ನಿಜವಾದ ಹೆಸರು ನಮಗೆ ಬೇಡವೂ ಆಗಿತ್ತು. ಮುದ್ರಿತ ಪತ್ರಿಕೆಗೆ ಕವಿತೆ ಕಳಿಸಲು ಲಕೋಟೆ, ಅಂಚೆ, ಮನೆಯ ವಿಳಾಸ ಎಲ್ಲವೂ ಬೇಕಾಗಿದ್ದ ಕಾಲದಲ್ಲಿ, ಮನೆಯವರಿಗೆ ತಿಳಿಯದಂತೆ ಬರೆದು ಪ್ರಕಟಿಸುವ ಸ್ವಾತಂತ್ರ್ಯ ಅವರಿಗೆ ಅಲ್ಲಿ ಮಾತ್ರ ಸಿಕ್ಕಿತ್ತು. ಅಂಥವರ ಪಾಲಿಗೆ ಪತ್ರಿಕೆಯ ಅಳಿವು ಎಂದರೆ ಇಡೀ ಬರವಣಿಗೆಯ ಅಳಿವು. ಪುಸ್ತಕವಾಗಿ ಬಂದಿದೆಯಲ್ಲ ಎಂಬ ಸಮಾಧಾನವನ್ನು ಹೇಳುವವರು ಅವರಿಗೆ ಏನು ಹೇಳುತ್ತಾರೋ ನನಗೆ ತಿಳಿಯದು.

ಪತ್ರಿಕೆ ಒಂದೇ ದಿನ ಅಳಿಯಲಿಲ್ಲ. ಮೊದಲು ಹೋದದ್ದು ಅಕ್ಷರಗಳು. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ 128 ಸ್ಥಾನಗಳನ್ನು ಕಾದಿರಿಸಲಾಗಿತ್ತು; ಆದರೆ ಮನೆಮನೆಯ ಕಂಪ್ಯೂಟರುಗಳು ಅದನ್ನು ತೋರಿಸಲು ಕಲಿತದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ, ಅದೂ ನಿಧಾನವಾಗಿ. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು: ತಲೆಕಟ್ಟು ಒಂದು ಚೂರು, ಕೊಂಬು ಒಂದು ಚೂರು, ಒತ್ತು ಇನ್ನೊಂದು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಯುರೋಪಿನ ಅಕ್ಷರಗಳ ರಾಶಿ. ಓದುಗರು ತಾವೇ ಫಾಂಟನ್ನು ಅಳವಡಿಸಿಕೊಳ್ಳುವ ಕಷ್ಟ ತಪ್ಪಿಸಲು ನಮ್ಮ ಪತ್ರಿಕೆ ಪುಟದ ಜೊತೆಯಲ್ಲೇ ಇಳಿದುಬರುವ ಡೈನಮಿಕ್ ಫಾಂಟನ್ನು ಬಳಸಿತು. ಆಗ ಅದು ದೊಡ್ಡ ಸೌಕರ್ಯವೇ ಆಗಿತ್ತು. ಆದರೆ ಮೈಕ್ರೋಸಾಫ್ಟಿನ ಆ ಬಗೆಯ ಫಾಂಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲೇ ಕೆಲಸ ಮಾಡುತ್ತಿತ್ತು, ಜೊತೆಗೆ ಅದನ್ನು ಒಂದು ನಿರ್ದಿಷ್ಟ ಜಾಲತಾಣದ ವಿಳಾಸಕ್ಕೆ ಕಟ್ಟಿಹಾಕಲಾಗಿರುತ್ತಿತ್ತು. ಫಾಯರ್‌ಫಾಕ್ಸ್, ಕ್ರೋಮ್ ಬಂದ ಮೇಲೆ ಹಳೆಯ ಸಂಚಿಕೆಗಳು ಹೆಚ್ಚಿನವರಿಗೆ ಓದಲಾಗದಂತಾದವು. ಹುಡುಕುತಾಣಗಳಿಗಂತೂ ಆ ಪುಟಗಳಲ್ಲಿ ಕನ್ನಡ ಇದೆ ಎಂಬುದು ಯಾವತ್ತೂ ತಿಳಿದಿರಲಿಲ್ಲ. ಕವಿಯ ಹೆಸರನ್ನು ಯೂನಿಕೋಡಿನಲ್ಲಿ ಬರೆದು ಹುಡುಕಿದವರಿಗೆ ಅವು ಸಿಗುವಂತೆಯೇ ಇರಲಿಲ್ಲ. ಹೀಗೆ ಪತ್ರಿಕೆ ಇದ್ದಾಗಲೇ ಓದುಗರಿಂದ ದೂರವಾಗಿತ್ತು. ಓದುಗರೇ ಇಲ್ಲದ ತಾಣಕ್ಕೆ ವರ್ಷವರ್ಷವೂ ಹಣ ಕಟ್ಟುವ ಉತ್ಸಾಹ ಯಾರಿಗಾದರೂ ಎಷ್ಟು ಕಾಲ ಉಳಿದೀತು?

ಆಮೇಲೆ ವಿಳಾಸ ಹೋಯಿತು. ಜಾಲತಾಣದ ವಿಳಾಸವನ್ನು ಯಾರೂ ಕೊಂಡುಕೊಳ್ಳುವುದಿಲ್ಲ, ಗೇಣಿಗೆ ಪಡೆಯುತ್ತಾರೆ. ಅವಧಿ ಮುಗಿದ ಮೇಲೆ ಕೆಲವು ವಾರಗಳ ರಿಯಾಯಿತಿ ಇರುತ್ತದೆ, ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು ಇನ್ನೊಂದು ತಿಂಗಳು ಸಿಗುತ್ತದೆ, ಅದೂ ಮುಗಿದರೆ ಜಗತ್ತಿನ ಯಾರು ಬೇಕಾದರೂ ಅದನ್ನು ಪಡೆಯಬಹುದು. ಹಳೆಯ ವಿಳಾಸಗಳಿಗಾಗಿ ಕಾದು ಕುಳಿತವರು ಇರುತ್ತಾರೆ, ಏಕೆಂದರೆ ವರ್ಷಾನುಗಟ್ಟಲೆ ಜನ ಕೊಂಡಿಗಳನ್ನು ಕೊಟ್ಟ ವಿಳಾಸಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ನಮ್ಮ ಓದುಗರು ಪ್ರೀತಿಯಿಂದ ಕೊಟ್ಟ ಕೊಂಡಿಗಳೇ ಈಗ ಆ ವ್ಯಾಪಾರದ ಪುಟಕ್ಕೆ ಗಿರಾಕಿಗಳನ್ನು ತಂದುಕೊಡುತ್ತಿವೆ ಎಂಬುದು ನನಗೆ ತುಂಬ ನೋವಿನ ಸಂಗತಿ.

ಇಂಟರ್ನೆಟ್ ಆರ್ಕೈವ್ ಇದೆಯಲ್ಲ ಎಂದು ನೀನು ಕೇಳುವುದು ಖಂಡಿತ. ಜಾಲಪುಟಗಳ ಪ್ರತಿಗಳನ್ನು ಕೂಡಿಡಲು ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. 2001ರಲ್ಲಿ ವೇಬ್ಯಾಕ್ ಮಷೀನ್ ಎಂಬ ಹೆಸರಿನಲ್ಲಿ ಅವರ ಸಂಗ್ರಹ ಎಲ್ಲರಿಗೂ ತೆರೆದುಕೊಳ್ಳದಿದ್ದರೆ ಆ ಮೊದಲ ದಶಕದ ಜಾಲದಲ್ಲಿ ನಮಗೆ ಏನೂ ಉಳಿಯುತ್ತಿರಲಿಲ್ಲ. ಅಲ್ಲಿ ನಮ್ಮ ಪತ್ರಿಕೆಯ ಮುಖಪುಟಗಳು ಸಿಕ್ಕವು, ಕೆಲವು ಸಂಚಿಕೆಗಳ ಪರಿವಿಡಿಗಳು ಸಿಕ್ಕವು. ಲೇಖನಗಳು ಬಹುಮಟ್ಟಿಗೆ ಸಿಗಲಿಲ್ಲ. ನಮ್ಮ ಪತ್ರಿಕೆಯ ಲೇಖನಗಳು ಸ್ಥಿರವಾದ ಪುಟಗಳಾಗಿರದೆ, ಓದುಗರು ಪಟ್ಟಿಯಿಂದ ಆರಿಸಿದಾಗ ದತ್ತಸಂಚಯದಿಂದ ಹೊರಬರುತ್ತಿದ್ದವು; ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪ್ರತಿ ತೆಗೆಯುವ ಯಂತ್ರಕ್ಕೆ ಅಂಥ ಬಾಗಿಲನ್ನು ತೆರೆಯಲು ಬರುವುದಿಲ್ಲ. ಸಿಕ್ಕ ಪುಟಗಳೂ ಓದಲು ಬರುವ ಸ್ಥಿತಿಯಲ್ಲಿಲ್ಲ, ಏಕೆಂದರೆ ಮೊದಲೇ ಹೇಳಿದಂತೆ ಆ ಫಾಂಟ್ ತನ್ನ ಮೂಲ ವಿಳಾಸದಿಂದಾಚೆ ಕೆಲಸ ಮಾಡಲು ಒಪ್ಪುವುದಿಲ್ಲ. ಪರಿವಿಡಿಯ ಒಂದು ಪುಟವನ್ನು ಹಾಗೂ ಹೀಗೂ ಪರಿವರ್ತಿಸಿಕೊಂಡು ಓದಿದೆ. ನಿನ್ನ ಹೆಸರಿತ್ತು, ಆ ಕವಯಿತ್ರಿಯ ಕಾವ್ಯನಾಮವಿತ್ತು, ಎಂಜಿನಿಯರರ ಉತ್ತರದ ಶೀರ್ಷಿಕೆಯಿತ್ತು. ಶೀರ್ಷಿಕೆಯ ಹಿಂದೆ ಏನೂ ಇರಲಿಲ್ಲ.

ಕನ್ನಡದಲ್ಲಿ ಸಾಹಿತ್ಯ ಪತ್ರಿಕೆಗಳು ನಿಂತುಹೋಗುವುದು ಹೊಸದೇನಲ್ಲ. ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' ನಿಂತಿತು, ಅನಂತಮೂರ್ತಿಯವರ 'ರುಜುವಾತು' ನಿಂತಿತು, ವಿವೇಕ ಶಾನಭಾಗರು 2005ರಲ್ಲಿ ಆರಂಭಿಸಿದ 'ದೇಶ ಕಾಲ'ವೂ ಕೆಲವು ವರ್ಷ ನಡೆದು ನಿಂತಿತು. ಆದರೂ ಅವುಗಳ ಹಳೆಯ ಸಂಚಿಕೆಗಳನ್ನು ಬೇಕೆಂದವರು ಇಂದಿಗೂ ಹುಡುಕಿ ಓದಬಹುದು. ಇನ್ನೂ ಹಿಂದಕ್ಕೆ ಹೋದರೆ, ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆ; ಅದು ಬಹಳ ಕಾಲ ನಡೆಯಲಿಲ್ಲ, ಆದರೆ ಅದರ ಪ್ರತಿಗಳು ಉಳಿದಿವೆ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಕಾಗದ ಉಳಿದು, ನಮ್ಮ ಯೌವನದ ಪತ್ರಿಕೆ ನಮ್ಮ ಕಣ್ಣೆದುರಿಗೇ ಇಲ್ಲವಾಯಿತಲ್ಲ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು: ಕಾಗದ ಹೆಚ್ಚು ಬಾಳಿಕೆ ಬರುವ ವಸ್ತು ಎಂಬುದು ಇದಕ್ಕೆ ಕಾರಣವಲ್ಲ. ಗೆದ್ದಲು, ಮಳೆ, ರದ್ದಿಯವನು, ಇವೆಲ್ಲವೂ ಕಾಗದಕ್ಕೆ ಶತ್ರುಗಳೇ. ಆದರೆ ಐನೂರು ಪ್ರತಿ ಅಚ್ಚಾದ ಪತ್ರಿಕೆ ಐನೂರು ಮನೆಗಳಿಗೆ ಹೋಗುತ್ತಿತ್ತು. ಯಾರಿಗೂ ಕಾಪಾಡುವ ಉದ್ದೇಶವಿರಲಿಲ್ಲ, ಆದರೂ ಯಾವುದೋ ಅಟ್ಟದ ಮೇಲೆ, ಯಾವುದೋ ಹಳ್ಳಿಯ ಮಾಸ್ತರರ ಟ್ರಂಕಿನಲ್ಲಿ ಹತ್ತು ಪ್ರತಿಗಳಾದರೂ ಉಳಿಯುತ್ತಿದ್ದವು. ನಮ್ಮ ಪತ್ರಿಕೆಯನ್ನು ಸಾವಿರಾರು ಜನ ಓದಿದರೂ ಪ್ರತಿ ಇದ್ದದ್ದು ಒಂದೇ, ಯಾರದೋ ಸರ್ವರಿನಲ್ಲಿ. ಓದುಗರೆಲ್ಲ ಬಂದು ಅದನ್ನೇ ನೋಡಿಕೊಂಡು ಹೋಗುತ್ತಿದ್ದರು.

ಈ ಕೊರತೆಯನ್ನು ಒಬ್ಬ ಸಂಪಾದಕ ತುಂಬಲಾರ, ಅದು ಸಮಾಜದ ಕೆಲಸ. 1954ರ ಕಾಯಿದೆಯ ಪ್ರಕಾರ ಭಾರತದಲ್ಲಿ ಪುಸ್ತಕ ಪ್ರಕಟಿಸುವವರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಕಳಿಸಬೇಕು; 1956ರಲ್ಲಿ ವೃತ್ತಪತ್ರಿಕೆಗಳನ್ನೂ ಅದಕ್ಕೆ ಸೇರಿಸಲಾಯಿತು. ಅಚ್ಚಿನ ಲೋಕಕ್ಕಾಗಿ ಬರೆದ ಕಾಯಿದೆ ಅದು, ಅಂತರ್ಜಾಲ ಪತ್ರಿಕೆಗಳು ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ತನ್ನ ದೇಶದ ಜಾಲಪ್ರಕಟಣೆಗಳನ್ನು ಸಂಗ್ರಹಿಸಲು ಶುರುಮಾಡಿದ್ದು 1996ರಲ್ಲಿ, ನಮ್ಮ 'ವಿಶ್ವಕನ್ನಡ' ಹುಟ್ಟಿದ ವರ್ಷದಲ್ಲೇ. ಬ್ರಿಟನ್ನಿನಲ್ಲಿ 2013ರಿಂದ ಕಾನೂನೇ ಇದೆ. ಕನ್ನಡಕ್ಕೆ ಹಂಪಿಯಲ್ಲಿ ಒಂದು ವಿಶ್ವವಿದ್ಯಾಲಯವಿದೆ, ಅಕಾಡೆಮಿ ಇದೆ, ಪರಿಷತ್ತು ಇದೆ. ತಾಳೆಗರಿಗಳನ್ನು ಊರೂರು ಅಲೆದು ಕೂಡಿಹಾಕಿದ ಪಂಡಿತರ ಪರಂಪರೆಯೇ ನಮ್ಮದು. ಇಪ್ಪತ್ತೈದು ವರ್ಷಗಳ ಹಿಂದಿನ ಜಾಲಪತ್ರಿಕೆಗಳಿಗೂ ಅದೇ ಶ್ರದ್ಧೆ ಸಲ್ಲಬೇಕು ಎಂದು ನಾನು ನಂಬುತ್ತೇನೆ. 2005ರಲ್ಲಿ ಶುರುವಾದ 'ಸಂಪದ', ಆಮೇಲಿನ 'ಅವಧಿ', 'ಕೆಂಡಸಂಪಿಗೆ', ಇವುಗಳಲ್ಲಿ ಬರೆದವರ ಸಂಖ್ಯೆ ದೊಡ್ಡದು. ಅವು ಯೂನಿಕೋಡಿನ ಕಾಲದವು, ಅಕ್ಷರದ ತೊಡಕು ಅವಕ್ಕಿಲ್ಲ. ಪ್ರತಿಗಳು ಬೇರೆ ಬೇರೆ ಕೈಗಳಲ್ಲಿ ಇರಬೇಕಾದ ಅಗತ್ಯ ಮಾತ್ರ ಅವಕ್ಕೂ ಅಷ್ಟೇ ಇದೆ.

ಸಂಸ್ಥೆಗಳು ಏಳುವವರೆಗೆ ಕಾಯುವ ಮನಸ್ಸು ನನಗಿಲ್ಲ. ನಮ್ಮ ಪತ್ರಿಕೆಯ ಬರಹಗಳನ್ನು ಓದುಗರ ಬಳಿಯಿಂದಲೇ ಮತ್ತೆ ಕೂಡಿಸಲು ಸಾಧ್ಯ ಎಂದು ಈಗ ನನಗೆ ಅನ್ನಿಸುತ್ತಿದೆ, ಏಕೆಂದರೆ ಆಗ ಇಂಟರ್ನೆಟ್ ದುಬಾರಿಯಾಗಿತ್ತು. ಸಂಪರ್ಕ ಇದ್ದಷ್ಟು ಹೊತ್ತು ಪುಟಗಳನ್ನು ಉಳಿಸಿಕೊಂಡು, ಕಡಿದ ಮೇಲೆ ನಿಧಾನವಾಗಿ ಓದುವ ಅಭ್ಯಾಸ ನಿನ್ನಂತೆ ಬಹಳ ಜನರಿಗಿತ್ತು. ಕಚೇರಿಯ ಪ್ರಿಂಟರಿನಲ್ಲಿ ಮುದ್ರಿಸಿ ಹಾಳೆಗಳನ್ನು ಮನೆಗೆ ಒಯ್ದವರೂ ಇದ್ದರು. ಆ ಹಾಳೆಗಳು ಸಿಕ್ಕರೆ ಸ್ಕ್ಯಾನ್ ಮಾಡಬಹುದು. ಕಡತಗಳು ಸಿಕ್ಕರೆ ಇನ್ನೂ ಒಳ್ಳೆಯದು: ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ. ಅವು ತಪ್ಪುವ ಜಾಗಗಳೂ ನನಗೆ ಪರಿಚಿತ. 'ಸೂರ್ಯ' ಎಂದು ಬರೆಯುವಾಗ ಅರ್ಕಾವೊತ್ತು ಕಣ್ಣಿಗೆ ಯಕಾರದ ನಂತರ ಕಾಣುತ್ತದೆ, ಹಳೆಯ ಫಾಂಟಿನಲ್ಲಿ ಸಂಕೇತವೂ ಅದೇ ಕ್ರಮದಲ್ಲಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಒಮ್ಮೊಮ್ಮೆ ಇಂಥ ಕಡೆ ಎಡವುತ್ತದೆ, ಹಳಗನ್ನಡದ ಉದ್ಧರಣೆಗಳಲ್ಲಂತೂ ಪದೇ ಪದೇ ಎಡವುತ್ತದೆ. ಆದ್ದರಿಂದ ಪ್ರತಿ ಲೇಖನವನ್ನೂ ಮನುಷ್ಯರು ಕುಳಿತು ಓದಿ ತಿದ್ದಬೇಕು. ಆ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

ಅನುಮತಿಯ ವಿಷಯದಲ್ಲಿ ನಾವು ಕಟ್ಟುನಿಟ್ಟಾಗಿರಬೇಕು. ಹಕ್ಕು ಬರೆದವರದು, ಸಂಪಾದಕರ ಒಪ್ಪಿಗೆ ಸಿಕ್ಕಿತೆಂದು ಎಲ್ಲವನ್ನೂ ಮರುಪ್ರಕಟಿಸಲು ಬರುವುದಿಲ್ಲ, ತೀರಿಕೊಂಡವರ ಬರಹಗಳಿಗೆ ಅವರ ಮನೆಯವರನ್ನು ಕೇಳಬೇಕು. ಕಾವ್ಯನಾಮದ ಹಿಂದಿರುವವರನ್ನು ಹುಡುಕಿ ಹೊರಗೆಳೆಯುವ ಕೆಲಸವನ್ನು ಯಾರೂ ಮಾಡಬಾರದು. ಅವರು ಈ ಪತ್ರವನ್ನು ಓದಿದರೆ, ಬಯಸಿದರೆ, ಅದೇ ಕಾವ್ಯನಾಮದಲ್ಲಿ ನಮಗೆ ಬರೆಯಲಿ. ಅಲ್ಲಿಯವರೆಗೆ ಅವರ ಕವಿತೆಗಳು ಸಿಕ್ಕಿದರೆ ಪ್ರಕಟಿಸದೆ ಜೋಪಾನವಾಗಿ ಇಟ್ಟಿರೋಣ. ಕೂಡಿಸಿದ್ದನ್ನೆಲ್ಲ ಹೊಸ ತಾಣವೊಂದರಲ್ಲಿ ಇಟ್ಟು ಕೈತೊಳೆದುಕೊಳ್ಳುವುದೂ ಬೇಡ. ಒಪ್ಪಿಗೆ ಸಿಕ್ಕಷ್ಟನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸೋಣ, ಕೇಳಿದ ಪ್ರತಿಯೊಬ್ಬರಿಗೂ ಪೂರ್ತಿ ಸಂಗ್ರಹದ ಪ್ರತಿಯನ್ನು ಕೊಡೋಣ, ಸಾಧ್ಯವಾದರೆ ಆ ವಾಗ್ವಾದದ ಸಂಚಿಕೆಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ಕೆಲವು ಗ್ರಂಥಾಲಯಗಳಿಗೆ ಮುಟ್ಟಿಸೋಣ.

ನೀನು ದೇಶಕ್ಕೆ ಮರಳುವಾಗ ತಂದ ಆ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಎಸೆದಿಲ್ಲ ಎಂದು ಹಿಂದೊಮ್ಮೆ ಹೇಳಿದ್ದೆ. ಸಿ.ಡಿ.ಗಳಿಗೆ ಬರೆದಿಟ್ಟವೂ ಇದ್ದರೆ ಅವನ್ನು ಮೊದಲು ನೋಡು. ಅಂಥ ತಟ್ಟೆಗಳು ವರ್ಷಗಳು ಕಳೆದಂತೆ ಓದಲಾರದಂತಾಗುತ್ತವೆ, ಇನ್ನು ತಡಮಾಡುವುದು ಸರಿಯಲ್ಲ. ಡಿಸ್ಕನ್ನು ನೀನೇ ತೆರೆಯಲು ಹೋಗಿ ಅದರ ಮೇಲೆ ಹೊಸದೇನನ್ನೂ ಬರೆಯಬೇಡ, ಇದ್ದಂತೆಯೇ ಪ್ರತಿ ಮಾಡಿಸು. ಉಳಿಸಿದ ಪ್ರತಿ ಪುಟದ ಪಕ್ಕದಲ್ಲಿ ಅದೇ ಹೆಸರಿನ ಒಂದು ಫೋಲ್ಡರ್ ಇರುತ್ತದೆ, ಅದನ್ನೂ ಕಳಿಸು. ಯಂತ್ರದ ಫಾಂಟ್ ಫೋಲ್ಡರನ್ನು ಪೂರ್ತಿಯಾಗಿ ಕಳಿಸು, ಯಾವುದು ಬೇಕು ಯಾವುದು ಬೇಡ ಎಂದು ಆರಿಸಬೇಡ. ಮೊದಲು ಎಂಜಿನಿಯರರ ಉತ್ತರವನ್ನು ಹುಡುಕು. ಅಧ್ಯಾಪಕರಿಗೆ ಈಗ ವಯಸ್ಸಾಗಿದೆ. ಅವರಿಗೆ ಅದನ್ನು ಓದಿ ಹೇಳಬೇಕೆಂಬ ಆಸೆ ನನಗಿದೆ, ಅವರೂ ಕೇಳಿ ಕಳಿಸಿದ್ದಾರೆ.

ನಿನ್ನ ಗೆಳೆಯ